ಎರಡನೆಯ ಸಿಳ್ಳೆ

ಡಿಪೋದವರು ಅವನಿಗೆ ಆಮೆ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ನಿವೃತ್ತಿಯ ಹೊಸ್ತಿಲಲ್ಲಿರುವ ಬಸ್ ಡ್ರೈವರನಿಗೆ ಹೆಸರಿನ ಬಗ್ಗೆ ಬಿಂಕ ಇರುವುದಿಲ್ಲ, ಇರುವುದು ಸೊಂಟನೋವು. ಜೀವಮಾನವೆಲ್ಲ ಒಂದೇ ಸೀಟಿನಲ್ಲಿ ಕೂತು ಒಂದೇ ದಾರಿಯಲ್ಲಿ ಹೋಗಿ ಬಂದವನಿಗೆ ಸೊಂಟದಿಂದ ಕೆಳಗೆ ಯಾವುದು ತನ್ನದು, ಯಾವುದು ಬಸ್ಸಿನದು ಎಂದು ಹೇಳುವುದೇ ಕಷ್ಟವಾಗಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೂ ನಿಮ್ಮ ಎಡಗಾಲು ಮೊದಲು ಕ್ಲಚ್ ಹುಡುಕುತ್ತದೆ ಎಂದು ಹೆಂಡತಿ ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ, ಏಕೆಂದರೆ ಅದು ನಿಜವಾಗಿತ್ತು.

ಆಮೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಉಳಿದವರು ಬಸ್ಸು ಓಡಿಸಿದರೆ ಇವನು ನಡೆಸುತ್ತಿದ್ದ. ಹಳದಿ ದೀಪ ಕಂಡರೆ ಊರಿಗೆ ಊರೇ ವೇಗ ಹೆಚ್ಚಿಸಿದಾಗ ಇವನ ಕಾಲು ಬ್ರೇಕಿನ ಮೇಲಿರುತ್ತಿತ್ತು. ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕೈ ಹೊರಗೆ ಚಾಚಿ, “ಹೋಗಪ್ಪಾ ಮಹಾರಾಯ, ನೀನೇ ಮೊದಲು ಹೋಗು” ಎಂದು ದಾರಿ ಬಿಡುತ್ತಿದ್ದ. ಆಫೀಸಿಗೆ ತಡವಾದವರು ಅವನ ಬೆನ್ನಿಗೆ ಕೇಳುವ ಹಾಗೆಯೇ ಬೈಯುತ್ತಿದ್ದರು. ಆದರೆ ವಯಸ್ಸಾದವರು, ಬಸುರಿಯರು, ಕಂಕುಳಲ್ಲಿ ಕೂಸಿರುವವರು ಮೊದಲು ಬಂದ ಬಸ್ಸು ಬಿಟ್ಟಾದರೂ ಇವನ ಬಸ್ಸಿಗೇ ಕಾಯುತ್ತಿದ್ದರು. ಕೆಲಸಕ್ಕೆ ಸೇರಿದಂದಿನಿಂದ ಅವನ ಗಾಲಿಗೆ ಒಂದು ಕೋಳಿಮರಿಯೂ ಸಿಕ್ಕಿರಲಿಲ್ಲ. ಅದಕ್ಕಾಗಿ ಇಲಾಖೆ ಕೊಟ್ಟ ಹಿತ್ತಾಳೆಯ ಬಿಲ್ಲೆಯನ್ನು ಅಂಗಿಯ ಜೇಬಿನ ಮೇಲೆ ಚುಚ್ಚಿಕೊಂಡಿದ್ದ. ಬೇರೆ ಯಾವುದರಲ್ಲೂ ಜಂಬವಿಲ್ಲದ ಮನುಷ್ಯ ಆ ಬಿಲ್ಲೆಯನ್ನು ಮಾತ್ರ ದಿನಾ ಬೆಳಿಗ್ಗೆ ಹಳೆಯ ಬಟ್ಟೆಯಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೆಲಸಕ್ಕೆ ಹೊರಡುತ್ತಿದ್ದ.

ಬಸ್ಸಿನ ಕಂಡಕ್ಟರ್ ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಮದುವೆಯ ದಿನ ಅಕ್ಕನ ಬೆನ್ನ ಹಿಂದೆ ಮೂಗು ಸೋರಿಸುತ್ತ ನಿಂತಿದ್ದವನನ್ನು “ಬಾರೋ, ಬಸ್ಸು ತೋರಿಸ್ತೀನಿ” ಎಂದು ಇವನು ಡಿಪೋಗೆ ಕರೆದೊಯ್ದಿದ್ದ. ಹೋದವನು ಅಲ್ಲೇ ಉಳಿದುಬಿಟ್ಟ ಎನ್ನಬೇಕು. ದೊಡ್ಡವನಾದ ಮೇಲೆ ಕಂಡಕ್ಟರ್ ಆಗಿ, ಕಾಡಿ ಬೇಡಿ ಭಾವನ ಬಸ್ಸಿಗೇ ಹಾಕಿಸಿಕೊಂಡ. ಮದುವೆಯ ಗೋಜಿಗೆ ಹೋಗಲಿಲ್ಲ. ಬೀದಿಯ ಆಚೆ ಬದಿಯಲ್ಲೊಂದು ಕೋಣೆ, ಊಟ ತಿಂಡಿ ಎಲ್ಲ ಅಕ್ಕನ ಮನೆಯಲ್ಲಿ. ಬಸ್ಸಿನ ಗಂಟೆಯ ಹಗ್ಗ ಯಾವುದೋ ಕಾಲದಲ್ಲಿ ತುಂಡಾಗಿತ್ತು, ನಾಳೆ ಸರಿಮಾಡುತ್ತೇವೆ ಎಂದವರೆಲ್ಲ ನಿವೃತ್ತರಾಗಿ ಹೋಗಿದ್ದರು. ಇಲಾಖೆಯ ಪೀಪಿಗೆ ತುಕ್ಕಿನ ರುಚಿ ಎಂದು ಮೈದುನ ಅದನ್ನು ಜೇಬಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ನಾಲಿಗೆಯ ಕೆಳಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದನೆಂದರೆ ಮುಂದಿನ ಬೀದಿಯ ನಾಯಿಗಳೂ ಕಿವಿ ನಿಮಿರಿಸುತ್ತಿದ್ದವು. ಒಂದು ಸಿಳ್ಳೆ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಭಾವ ಮೈದುನರ ಬಾಳು ಈ ಒಂದು ಎರಡರ ಮೇಲೆ ಸುಸೂತ್ರವಾಗಿ ಉರುಳಿಕೊಂಡು ಬಂದಿತ್ತು.

ಒಂದೂವರೆ ವರ್ಷದ ಹಿಂದೆ, ಒಂದು ಸಂಜೆ, ಆಸ್ಪತ್ರೆಯ ಸ್ಟಾಪಿನಲ್ಲಿ ಅದು ಕೆಟ್ಟಿತು. ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಇವನ ಕಿವಿಗೆ ಎರಡು ಸಿಳ್ಳೆ ಬಿತ್ತು, ಬಸ್ಸು ಬಿಟ್ಟ. ಹಿಂದಿನ ಬಾಗಿಲಲ್ಲಿ ಇನ್ನೂ ಇಳಿಯುತ್ತಿದ್ದ ಮುದುಕಿಯೊಬ್ಬಳು ರಸ್ತೆಗೆ ಬಿದ್ದು ಸೊಂಟ ಮುರಿದುಕೊಂಡಳು. ವಿಚಾರಣೆಯಲ್ಲಿ ಅಧಿಕಾರಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಸಿಳ್ಳೆ ಎಷ್ಟು ಎಂದು ಕೇಳಿದ. ಎರಡು ಎಂದ ಭಾವ. ಒಂದೇ ಎಂದ ಮೈದುನ. ಅಕ್ಕನ ಗಂಡನ ವಿರುದ್ಧ ಯಾರಾದರೂ ಬೇಕೆಂದು ಸುಳ್ಳು ಹೇಳುತ್ತಾರೆಯೇ ಎಂದು ಅಧಿಕಾರಿ ಮೈದುನನನ್ನೇ ನಂಬಿದ. ಡ್ರೈವರನನ್ನು ಕೆಲವು ವಾರ ಮನೆಯಲ್ಲಿ ಕೂರಿಸಿದರು, ಕೂರಿಸುವ ಮೊದಲು ಬಿಲ್ಲೆ ಬಿಚ್ಚಿಸಿಕೊಂಡರು. ಜೇಬಿನ ಮೇಲೆ ಎರಡು ಸಣ್ಣ ತೂತು ಉಳಿದವು.

ಅಂದಿನಿಂದ ಇಬ್ಬರ ಬಾಯಿಗೂ ಬೀಗ ಬಿತ್ತು. ನನ್ನನ್ನು ತಪ್ಪಿತಸ್ಥನನ್ನಾಗಿ ಮಾಡಿದ ಎಂದು ಇವನು, ನನ್ನನ್ನು ಸುಳ್ಳುಗಾರ ಎಂದ ಎಂದು ಅವನು. ಬೇರೆ ಬಸ್ಸು ಕೇಳಬಹುದಿತ್ತು. ಆದರೆ ಮೊದಲು ಕೇಳಿದವನು ತಪ್ಪೊಪ್ಪಿಕೊಂಡ ಹಾಗಾಗುತ್ತದಲ್ಲ, ಹಾಗಾಗಿ ಇಬ್ಬರೂ ಕೇಳಲಿಲ್ಲ. ಒಂದೇ ಬಸ್ಸಿನ ಎರಡು ತುದಿಯಲ್ಲಿ ಹಾವು ಮುಂಗುಸಿಯಂತೆ ತಿಂಗಳುಗಟ್ಟಲೆ ಊರು ಸುತ್ತಿದರು. ಸಿಳ್ಳೆ ಬರುತ್ತಿತ್ತು, ಇವನು ಅದನ್ನು ನಂಬುತ್ತಿರಲಿಲ್ಲ. ಎರಡು ಸಿಳ್ಳೆ ಕೇಳಿದ ಮೇಲೂ ಪಕ್ಕದ ಕನ್ನಡಿಯಲ್ಲಿ ಹಿಂದಿನ ಬಾಗಿಲನ್ನು ತಾನೇ ನೋಡಿ, ಖಾತ್ರಿ ಮಾಡಿಕೊಂಡು, ಆಮೇಲೆ ಹೊರಡುತ್ತಿದ್ದ. ಆಮೆ ಇನ್ನಷ್ಟು ನಿಧಾನವಾಯಿತು. ನೋಡುವವರಿಗೆ ಇದೆಲ್ಲ ತಮಾಷೆ, ಅನುಭವಿಸುವವರಿಗೆ ಸುಸ್ತು. ಮುನಿಸು ಕೂಡ ಒಂದು ಡ್ಯೂಟಿಯೇ, ರಜೆಯಿಲ್ಲದ ಡ್ಯೂಟಿ.

ಹೆಚ್ಚು ಸುಸ್ತಾದದ್ದು ನಡುವೆ ಸಿಕ್ಕಿಕೊಂಡವಳಿಗೆ. ತಮ್ಮನಾದವನು ಅವಳ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟು ಹೋಟೆಲಿನಲ್ಲಿ ತಿಂದು ಹೊಟ್ಟೆ ಕೆಡಿಸಿಕೊಂಡ. ಗಂಡನ ಕೈಯಲ್ಲಿ ಡಬ್ಬಿ ಕಳಿಸಿದರೆ ಗಂಡ ಒಯ್ಯುವುದಿಲ್ಲ, ಒಯ್ದರೂ ತಮ್ಮ ಮುಟ್ಟುವುದಿಲ್ಲ. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಪ್ರತಿದಿನ ಮಧ್ಯಾಹ್ನ ಇವರ ಬಸ್ಸು ಗಡಿಯಾರ ಕಂಬದ ಸ್ಟಾಪಿಗೆ ಬರುವ ಹೊತ್ತಿಗೆ, ಸವೆದ ಮಂಡಿಯನ್ನು ಎಳೆದುಕೊಂಡು, ಒಂದು ಬಟ್ಟೆ ಚೀಲ ಹಿಡಿದು ಬಂದು ನಿಲ್ಲುತ್ತಿದ್ದಳು. ಹಿಂದಿನ ಬಾಗಿಲಲ್ಲಿ ತಮ್ಮನ ಕೈಗೆ ಚೀಲ ಕೊಟ್ಟು, ಮುಂದೆ ಬಂದು ಗಂಡನ ಕಡೆ ಒಮ್ಮೆ ತಲೆಯಾಡಿಸಿ ಹೋಗುತ್ತಿದ್ದಳು. ಚೀಲದಲ್ಲಿ ಎರಡು ಡಬ್ಬಿ. ಒಂದರಲ್ಲಿ ಇಬ್ಬರಿಗೂ ಸಾಲುವಷ್ಟು ಬರೀ ಅನ್ನ, ಇನ್ನೊಂದರಲ್ಲಿ ಇಬ್ಬರಿಗೂ ಸಾಲುವಷ್ಟು ಬರೀ ಪಲ್ಯ. ಹಂಚಿಕೊಳ್ಳದೆ ಉಣ್ಣಲಿ ನೋಡೋಣ ಎಂಬುದು ಅವಳ ಉಪಾಯ. ಗಂಡಸರ ಹಟ ಅವಳ ಲೆಕ್ಕಕ್ಕಿಂತ ದೊಡ್ಡದಿತ್ತು. ಕೊನೆಯ ನಿಲ್ದಾಣದಲ್ಲಿ ಮೈದುನ ಮುಚ್ಚಳಕ್ಕೆ ಅರ್ಧ ಬಡಿಸಿ, ತುಟಿಪಿಟಕ್ಕೆನ್ನದೆ ಡ್ರೈವರನ ಪಕ್ಕದ ಬಾನೆಟ್ಟಿನ ಮೇಲಿಟ್ಟು ಹಿಂದಕ್ಕೆ ಹೋಗಿ ಕೂರುತ್ತಿದ್ದ. ಭಾವ ಉಂಡು, ಮುಚ್ಚಳ ತೊಳೆದು, ಹಿಂದಿನ ಸೀಟಿನ ಮೇಲಿಟ್ಟು ಬರುತ್ತಿದ್ದ.

ಆ ದಿನವೂ ಎಲ್ಲವೂ ಎಂದಿನಂತೆಯೇ ಶುರುವಾಯಿತು. ಪೇಟೆಯ ನಿಲ್ದಾಣದಿಂದ ಮಧ್ಯಾಹ್ನದ ಟ್ರಿಪ್ ಹೊರಡುವುದರಲ್ಲಿತ್ತು. ಸೀಟುಗಳು ಅರ್ಧ ತುಂಬಿದ್ದವು. ಮಾರುಕಟ್ಟೆಯ ಹಿಂದುಗಡೆ ಧಡ್ ಎಂದು ಒಂದು ಸದ್ದಾಯಿತು. ಮೂಟೆ ಇಳಿಸಿರಬೇಕು ಎಂದುಕೊಂಡ ಡ್ರೈವರ್. ಅಷ್ಟರಲ್ಲಿ ಐಸ್ ಫ್ಯಾಕ್ಟರಿಯ ತಗಡಿನ ಮಾಡಿನ ಮೇಲೆ ಬಿಳಿಯ ಹೊಗೆ ಎದ್ದಿತು, ಮೂಗಿನೊಳಗೆ ಚುರುಕ್ಕೆಂದಿತು, ಕಣ್ಣಲ್ಲಿ ನೀರು ಬಂತು. ಮುಖಕ್ಕೆ ಒದ್ದೆ ಗೋಣಿ ಒತ್ತಿಕೊಂಡು ಒಬ್ಬ ಕೆಲಸಗಾರ ಓಡಿಬಂದ.

“ಪೈಪ್ ಒಡೆದಿದೆ! ಅಮೋನಿಯಾ! ಗಾಳಿ ಈ ಕಡೆಗೇ ಇದೆ, ಹೋಗಿ, ಹೋಗಿ!”

ಆಮೇಲೆ ನಡೆದದ್ದನ್ನು ಓಟ ಎನ್ನಲಾಗದು. ಇಡೀ ಮಾರುಕಟ್ಟೆ ಎದ್ದೆನೋ ಬಿದ್ದೆನೋ ಎಂದು ಬಸ್ಸಿನ ಮೇಲೆ ಬಂದು ಬಿತ್ತು. ತಕ್ಕಡಿ ಹಿಡಿದವರು ತಕ್ಕಡಿ ಸಮೇತ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವನು ನೊರೆ ಸಮೇತ, ಒಬ್ಬ ದರ್ಜಿ ಹೊಲಿಗೆ ಯಂತ್ರದ ತಲೆಯನ್ನು ಕೂಸಿನಂತೆ ಅವಚಿಕೊಂಡು. ಜೀವ ಉಳಿಸಿಕೊಳ್ಳಲು ಓಡುವವನು ಏನನ್ನು ಹಿಡಿದು ಓಡುತ್ತಾನೆ ಎಂದು ಅವನಿಗೂ ಗೊತ್ತಿರುವುದಿಲ್ಲ. ಫುಟ್‌ಬೋರ್ಡಿನ ಮೇಲೆ ಜನ, ಕಿಟಕಿಗಳಿಗೆ ಜನ. ಮುಂದಿನ ಬಾಗಿಲಲ್ಲಿ ನೇತಾಡುವವರ ಬೆನ್ನು ಪಕ್ಕದ ಕನ್ನಡಿಯನ್ನು ಪೂರ್ತಿ ಮುಚ್ಚಿತು. ಎರಡು ಸಿಳ್ಳೆ ಕೇಳಿತು. ನೋಡಲು ಕನ್ನಡಿಯಿಲ್ಲ. ಡ್ರೈವರ್ ಉಸಿರು ಬಿಗಿಹಿಡಿದು ಬಸ್ಸನ್ನು ಇಂಚಿಂಚಾಗಿ ಸರಿಸಿದ. ಯಾರೂ ಕಿರುಚಲಿಲ್ಲ. ಅಂದರೆ ಎಲ್ಲರೂ ಕಿರುಚುತ್ತಿದ್ದರು, ಬಿದ್ದವರ ಹಾಗೆ ಯಾರೂ ಕಿರುಚಲಿಲ್ಲ.

ದೊಡ್ಡ ರಸ್ತೆಗೆ ಬಂದ ಮೇಲೆ ಅವನಿಗೆ ಥಟ್ಟನೆ ಹೊಳೆಯಿತು. ಹೊತ್ತು ಯಾವುದು? ಅವಳು ಮನೆಯಿಂದ ಹೊರಟಾಗಿದೆ. ಮಂಡಿನೋವಿನವಳು, ಯಾವಾಗಲೂ ಬೇಗನೇ ಹೊರಡುತ್ತಾಳೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಗೋಡೆಗೋ ಬೇಲಿಗೋ ಊರಲು ಬೇಕು, ಹಾಗಾಗಿ ಫೋನನ್ನು ಮನೆಯಲ್ಲೇ ಬಿಟ್ಟು ಬರುತ್ತಾಳೆ. ಗಾಳಿ ಈ ಕಡೆಗೇ ಇದೆ ಎಂದನಲ್ಲ ಆ ಕೆಲಸಗಾರ, ಈ ಕಡೆ ಅಂದರೆ ಗಡಿಯಾರ ಕಂಬದ ಕಡೆ. ತಲೆಯೆತ್ತಿ ಒಳಗಿನ ಕನ್ನಡಿ ನೋಡಿದ. ಜನರ ತಲೆಗಳಾಚೆ, ಬಸ್ಸಿನ ಆ ತುದಿಯಲ್ಲಿ, ಮೈದುನ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ. ತೆಗೆದು ನೋಡುವುದು, ಮತ್ತೆ ಒತ್ತುವುದು, ಮತ್ತೆ ಕಿವಿಗಿಡುವುದು. ಕಣ್ಣು ಕಣ್ಣು ಕೂಡಿದವು. ಇಬ್ಬರಿಗೂ ಒಂದೇ ಚಿಂತೆ ಎಂದು ಇಬ್ಬರಿಗೂ ಗೊತ್ತಾಯಿತು. ಹಾಗಿದ್ದೂ ಅವನು ಕೂಗಲಿಲ್ಲ, ಇವನೂ ಕೂಗಲಿಲ್ಲ. ಬೆಂಕಿ ಬಿದ್ದರೂ ಮನುಷ್ಯನ ಹಟ ಎಷ್ಟು ಹೊತ್ತು ಉರಿಯದೆ ಉಳಿಯುತ್ತದೆ ನೋಡಿ!

ಅಷ್ಟರಲ್ಲಿ ಸುದ್ದಿಗೆ ರೆಕ್ಕೆಪುಕ್ಕ ಬಂದಿತ್ತು. ಫೋನುಗಳು ಬಸ್ಸಿಗಿಂತ ಮುಂದೆ ಓಡುತ್ತಿದ್ದವು. ಒಡೆದದ್ದು ಪೈಪ್ ಅಲ್ಲ, ಬಾಂಬು ಎಂದ ಒಬ್ಬ. ಒಂದಲ್ಲ, ಊರಿನ ನಾಲ್ಕೂ ದಿಕ್ಕಿನಲ್ಲಿ ಎಂದಳು ಇನ್ನೊಬ್ಬಳು, ನಾದಿನಿ ಈಗ ತಾನೇ ಹೇಳಿದಳಂತೆ. ಕುಡಿಯುವ ನೀರಿಗೂ ಬೆರೆಸಿದ್ದಾರೆ ಎಂದು ತಕ್ಕಡಿಯವನು ಹೇಳಿದ್ದೇ ತಡ, ಬಾಟಲಿ ಬಾಯಿಗಿಟ್ಟಿದ್ದ ಹೆಂಗಸೊಬ್ಬಳು ನೀರನ್ನು ಪಕ್ಕದವನ ಮೈಮೇಲೆಲ್ಲ ಉಗಿದಳು. ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ಅವನು ಸುಮ್ಮನೆ ಒರೆಸಿಕೊಂಡ.

ಮೇಲ್ಸೇತುವೆಯ ಬುಡದಲ್ಲಿ ಕರವಸ್ತ್ರ ಮೂಗಿಗೆ ಕಟ್ಟಿಕೊಂಡ ಪೊಲೀಸಿನವನೊಬ್ಬ ಎಲ್ಲ ವಾಹನಗಳನ್ನೂ ಮೇಲಕ್ಕೆ ಹತ್ತಿಸುತ್ತಿದ್ದ. ಮೇಲೆ ಹೋದರೆ ನೇರ ಊರಾಚೆ. ಕೆಳಗಿನ ರಸ್ತೆಯಲ್ಲಿ ಹೋದರೆ ಗಡಿಯಾರ ಕಂಬ.

“ಮೇಲೆ ಹತ್ತಿಸಿ! ಮೇಲೆ!” ಬಸ್ಸಿಗೆ ಬಸ್ಸೇ ಕೂಗಿತು.

ಡ್ರೈವರ್ ಕೆಳಗಿನ ರಸ್ತೆಗೆ ತಿರುಗಿಸಿದ.

ಏನೆಂದು ಬೈದರು ಎಂದು ಬರೆಯುವಂತಿಲ್ಲ. ನೊರೆಯವನು ಬಾನೆಟ್ಟಿನ ಮೇಲೆ ಕೈ ಬಡಿದು, “ನಿನಗೆ ತಲೆ ಕೆಟ್ಟಿದೆಯೇನಯ್ಯಾ? ಹೊಗೆ ಆ ಕಡೆಗೇ ಬರ್ತಿದೆ ಅಂತಿದಾರೆ!” ಎಂದ.

“ಸ್ಟಾಪ್ ಇದೆ” ಎಂದ ಡ್ರೈವರ್.

“ಸ್ಟಾಪ್ ಅಂತೆ! ಇಷ್ಟು ಜನರ ಜೀವ ಹೋಗ್ತಿದೆ, ಇವನಿಗೆ ಸ್ಟಾಪ್!”

ಅಲ್ಲಿಯೂ ಜನ ಕಾಯುತ್ತಿರುತ್ತಾರೆ, ಅವರನ್ನೂ ಹತ್ತಿಸಿಕೊಳ್ಳಬೇಕು ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅವನಿಗೆ ಆ ಜನ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಒಬ್ಬಳು. ಒಂದು ಬಸ್ಸು ತುಂಬ ಜನರನ್ನು ತನ್ನ ಹೆಂಡತಿಗಾಗಿ ಹೊಗೆಯ ದಾರಿಗೆ ಎಳೆದೊಯ್ಯುತ್ತಿದ್ದೇನೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಿಲ್ಲೆ ಇದ್ದಿದ್ದರೆ ಆಗಲೇ ಅದನ್ನು ಕಿತ್ತು ಕಿಟಕಿಯಿಂದ ಎಸೆಯಬೇಕಿತ್ತು. ಹಿಂದಿನಿಂದ ಒಂದು ಸಿಳ್ಳೆ ಬಂತು, ಉದ್ದವಾಗಿ. ನಿಲ್ಲಿಸು. ಸ್ಟಾಪ್ ಇನ್ನೂ ದೂರವಿದ್ದಾಗಲೇ ಮೈದುನ ಹೊಡೆದಿದ್ದ. ಅವನೂ ಅದನ್ನೇ ಬಯಸಿದ್ದಾನೆ ಎಂದು ಡ್ರೈವರನಿಗೆ ತಿಳಿಯಿತು.

ಗಡಿಯಾರ ಕಂಬದ ಸ್ಟಾಪಿನಲ್ಲಿ ಜನ ರಸ್ತೆಯ ಮಧ್ಯದವರೆಗೂ ನಿಂತಿದ್ದರು. ಬಸ್ಸು ನಿಲ್ಲುವ ಮೊದಲೇ ಮುತ್ತಿಗೆ ಹಾಕಿದರು. ಡ್ರೈವರ್ ಸೀಟಿನಿಂದ ಅರ್ಧ ಎದ್ದು, ಕತ್ತು ಚಾಚಿ ನೋಡಿದ. ಅವಳು ಯಾವಾಗಲೂ ನಿಲ್ಲುವ ಜಾಗ ಕಂಬದ ಬುಡದ ಕಲ್ಲುಕಟ್ಟೆ. ಅಲ್ಲಿ ಒಂದು ಒಂಟಿ ಚಪ್ಪಲಿ ಬಿದ್ದಿತ್ತು, ಅವಳದಲ್ಲ. ಬಟ್ಟೆ ಚೀಲ ಹಿಡಿದ ಕೈಗಾಗಿ ಹುಡುಕಿದ. ಎಲ್ಲರ ಕೈಯಲ್ಲೂ ಏನೋ ಒಂದು ಇತ್ತು, ಬಟ್ಟೆ ಚೀಲ ಮಾತ್ರ ಇರಲಿಲ್ಲ. ಇಳಿದು ಹುಡುಕಲೇ ಎಂದುಕೊಂಡ. ಕೀಲಿ ಬಿಟ್ಟು ಇಳಿದರೆ ಬಸ್ಸನ್ನು ಬೇರೆ ಯಾರಾದರೂ ಓಡಿಸಿಕೊಂಡು ಹೋಗುತ್ತಾರೆ, ಕೀಲಿ ಕಿತ್ತುಕೊಂಡು ಇಳಿದರೆ ಇವನನ್ನೇ ಸಿಗಿದುಹಾಕುತ್ತಾರೆ. ಭಯಬಿದ್ದ ಜನರ ಮುಖ ಒಂದೇ ತರಹ ಇರುತ್ತದೆ. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಎಲ್ಲರೂ ದಿನಾ ನೋಡುವವರೇ.

“ಬಂತು! ಹೊಗೆ ಬಂತು!” ಯಾರೋ ಕೂಗಿದರು. ಆಚೆ ರಸ್ತೆಯಲ್ಲಿ ಲಾರಿಯೊಂದು ಎಬ್ಬಿಸಿದ ಧೂಳು ಅದು. ಹೇಳಿದರೆ ಕೇಳುವವರು ಯಾರು? ಬಸ್ಸು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು. ನೊರೆಯವನು ಹಿಂದಿನಿಂದ ಅಂಗಿಯ ಕಾಲರ್ ಹಿಡಿದು ಜಗ್ಗಿದ.

ಆಗ ಸಿಳ್ಳೆ ಕೇಳಿತು. ಒಂದು, ಮತ್ತೆ ಇನ್ನೊಂದು.

ಡ್ರೈವರ್ ಗೇರಿನ ಮೇಲೆ ಕೈಯಿಟ್ಟು ಒಂದು ಕ್ಷಣ ತಡೆದ. ಪಕ್ಕದ ಕನ್ನಡಿಯಲ್ಲಿ ಯಾರದೋ ಚೌಕಳಿ ಅಂಗಿಯ ಬೆನ್ನು ಬಿಟ್ಟರೆ ಏನೂ ಇಲ್ಲ. ಇಷ್ಟು ದಿನ ಈ ಸಿಳ್ಳೆಯನ್ನು ನಂಬದೆ ಬದುಕಿದ್ದ. ಇಂದು ನಂಬದೆ ಬೇರೆ ದಾರಿಯಿಲ್ಲ. ಅಷ್ಟೇ ಅಲ್ಲ, ನಂಬಬೇಕು ಎನಿಸಿತು. ಹಿಂದೆ ನಿಂತವನು ಯಾರು? ಅವಳ ಒಡಹುಟ್ಟಿದವನು. ಪ್ರಪಂಚ ಮುಳುಗಿದರೂ ಅಕ್ಕನನ್ನು ಬಿಟ್ಟು ಇವನು ಎರಡು ಹೊಡೆಯುವವನಲ್ಲ. ಹೊಡೆದಿದ್ದಾನೆ ಅಂದರೆ ಅವಳು ಹತ್ತಿದ್ದಾಳೆ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಮೈದುನನ ಮಾತಿಗೆ ಪೂರ್ತಿ ತಲೆಬಾಗಿ, ಕ್ಲಚ್ ಬಿಟ್ಟ.

ಬಸ್ಸು ಮುಂದಕ್ಕೆ ಜಿಗಿಯಿತು.

“ಭಾವಾ! ನಿಲ್ಸಿ ಭಾವಾ! ನಾನಲ್ಲ ಹೊಡೆದಿದ್ದು! ನಾನಲ್ಲ!”

ಅಷ್ಟು ಗದ್ದಲದಲ್ಲೂ ಆ ದನಿ ಬಸ್ಸಿನ ಉದ್ದಕ್ಕೂ ಸೀಳಿಕೊಂಡು ಬಂತು. ಇವನ ಬಲಗಾಲು ತಲೆಗಿಂತ ಮೊದಲು ಕೇಳಿಸಿಕೊಂಡಿತು. ಬ್ರೇಕಿಗೆ ನಿಂತವರೆಲ್ಲ ಮುಂದಕ್ಕೆ ಒಬ್ಬರ ಮೇಲೊಬ್ಬರು ಕುಸಿದರು. ಡ್ರೈವರ್ ತನ್ನ ಬಾಗಿಲಿನಿಂದ ಕೆಳಗೆ ಹಾರಿದ. ಆ ಸೊಂಟಕ್ಕೆ ಹಾರಲು ಬರುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಹಿಂದಿನ ಬಾಗಿಲಿಗೆ ಓಡಿದ.

ಅವಳು ಅಲ್ಲಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ರಸ್ತೆಯ ಮೇಲೆ ಎಳೆದುಹೋಗಿ, ಮಂಡಿಯಿಂದ ರಕ್ತ ಸುರಿಯುತ್ತಿತ್ತು. ಅವಳ ಬಲತೋಳನ್ನು ಮೈದುನ ಎರಡೂ ಕೈಯಲ್ಲಿ ಹಿಡಿದು, ತಾನೇ ಅರ್ಧ ಹೊರಗೆ ಬಾಗಿ, ಬಾಗಿಲ ಕಂಬಿಗೆ ಎದೆ ಒತ್ತಿ ನಿಂತಿದ್ದ. ಬಟ್ಟೆ ಚೀಲ ಹಿಂದಿನ ಗಾಲಿಯ ಅಡಿ ಸಿಕ್ಕಿತ್ತು. ಪಲ್ಯದ ಡಬ್ಬಿ ಚಪ್ಪಟೆಯಾಗಿ ರಸ್ತೆಯ ಮೇಲೆಲ್ಲ ಪಲ್ಯ ಚೆಲ್ಲಿತ್ತು. ಬಸ್ಸು ಇನ್ನೊಂದು ಮಾರು ಮುಂದೆ ಹೋಗಿದ್ದರೆ ಚೀಲದ ಜಾಗದಲ್ಲಿ ಏನಿರುತ್ತಿತ್ತು ಎಂದು ಅವನು ಯೋಚಿಸಲಿಲ್ಲ. ಆ ಯೋಚನೆ ಆಮೇಲೆ ಬಂತು, ಬಂದದ್ದು ಹೋಗಲೇ ಇಲ್ಲ.

“ಚೀಲ...” ಎಂದಳು ಅವಳು.

“ಹಾಳಾಗಿ ಹೋಗ್ಲಿ ನಿನ್ನ ಚೀಲ” ಎಂದು ಇವನು ಅವಳ ಸೊಂಟಕ್ಕೆ ಕೈಹಾಕಿ ಎತ್ತಿದ. ಎತ್ತುತ್ತಲೇ ಗಟ್ಟಿಯಾಗಿ ಬೈದ, “ಊರೆಲ್ಲ ಆ ಕಡೆ ಓಡ್ತಿದ್ರೆ ನೀನು ಈ ಕಡೆ ಯಾಕೆ ಬಂದೆ? ಬುದ್ಧಿ ಬೇಡ್ವಾ?”



ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನಿಂತಿದ್ದ ಒಬ್ಬನನ್ನು ಸುತ್ತಲಿನವರು ದುರುಗುಟ್ಟಿಕೊಂಡು ನೋಡುತ್ತಿದ್ದರು. ಇಸ್ತ್ರಿ ಅಂಗಿ, ಕುತ್ತಿಗೆಗೆ ಟೈ, ಯಾವುದೋ ಆಫೀಸಿನವನು. ಬಲಗೈಯ ಎರಡು ಬೆರಳು ಇನ್ನೂ ಒದ್ದೆಯಾಗಿದ್ದವು. “ಹೊರಡಲಿ ಅಂತ...” ಎಂದ. “ನನ್ನ ಮಗಳು ಸ್ಕೂಲಲ್ಲಿದಾಳೆ ಸಾರ್. ಬಸ್ಸು ಹೊರಡಲಿ ಅಂತ ಹೊಡೆದೆ ಅಷ್ಟೆ.” ಹೇಳುತ್ತ ಹೇಳುತ್ತ ಅಳತೊಡಗಿದ. ತಕ್ಕಡಿಯವನು ಅವನ ಟೈಗೆ ಕೈಹಾಕಿದ. ಮೈದುನ ಆ ಕೈಯನ್ನು ಬಿಡಿಸಿ, “ಬಿಡ್ರಿ. ಸರಿಯಾಗಿ ಹಿಡ್ಕೊಂಡು ನಿಂತ್ಕೊಳ್ರಿ, ಇನ್ನೂ ದೂರ ಹೋಗ್ಬೇಕು” ಎಂದ. ಅವನ ದನಿಯಲ್ಲಿ ಸಿಟ್ಟಿಗೂ ಶಕ್ತಿ ಉಳಿದಿರಲಿಲ್ಲ.

ಅವಳನ್ನು ಡ್ರೈವರನ ಬಾಗಿಲಿನಿಂದ ಹತ್ತಿಸಿ ಬಾನೆಟ್ಟಿನ ಮೇಲೆ ಕೂರಿಸಿದರು. ಕಾಲರ್ ಹಿಡಿದಿದ್ದ ನೊರೆಯವನೇ ತನ್ನ ಹೆಗಲ ಮೇಲಿದ್ದ ಕ್ಷೌರದಂಗಡಿಯ ಟವೆಲ್ ಕೊಟ್ಟು ಮಂಡಿಗೆ ಕಟ್ಟಿಕೊಳ್ಳಿ ಎಂದ. ಡ್ರೈವರ್ ಸೀಟಿಗೆ ಬಂದು ಕೂತ. ಹಿಂದಿನಿಂದ ಎರಡು ಸಿಳ್ಳೆ ಬಂತು.

ಅವನು ಹೊರಡಲಿಲ್ಲ.

“ಹೋಗಿ! ಹೊಡೆದ್ರಲ್ಲ, ಹೋಗಿ!” ಎಂದು ಮತ್ತೆ ಕೂಗು ಶುರುವಾಯಿತು. ಡ್ರೈವರ್ ತಿರುಗಿ, ಒಳಗಿನ ತಲೆಗಳ ಮೇಲಿಂದ ಕೂಗಿದ, “ನೀನೇನಾ?”

ಆ ಗದ್ದಲದಲ್ಲಿ ಮಾತು ನಡುಬಸ್ಸನ್ನೂ ದಾಟಲಿಲ್ಲ. ದರ್ಜಿ ಯಂತ್ರದ ತಲೆಯನ್ನು ಅವಚಿಕೊಂಡೇ ಕೇಳಿದ, “ಏನಂತೆ?”

“ಹಿಂದೆ ಕಂಡಕ್ಟರನ್ನ ಕೇಳಿ. ಹೊಡೆದಿದ್ದು ನೀನೇನಾ ಅಂತ.”

ದರ್ಜಿ ಹಿಂದಿನವನಿಗೆ ಹೇಳಿದ. ಅವನು ನೀರು ಉಗಿದಿದ್ದ ಹೆಂಗಸಿ‌ಗೆ ಹೇಳಿದ, ಅವಳು ತನ್ನ ಹಿಂದಿನವರಿಗೆ. “ನೀವೇನಾ ಅಂತ ಕೇಳ್ತಿದಾರೆ ಡ್ರೈವರು!” ಎಂಬುದು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು. ಕ್ಷಣದ ಹಿಂದೆ ಒಬ್ಬರನ್ನೊಬ್ಬರು ತುಳಿದವರು ಈಗ ಗಂಭೀರವಾಗಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದರು. ಉತ್ತರ ಅದೇ ದಾರಿಯಲ್ಲಿ ಬಂತು. ಕೊನೆಗೆ ದರ್ಜಿ ಮುಂದಕ್ಕೆ ಬಾಗಿ ಹೇಳಿದ, “ನಾನೇ ಭಾವ, ಹೋಗಿ ಅಂದ್ರು.”

ಬಾನೆಟ್ಟಿನ ಮೇಲೆ ಕೂತವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಡ್ರೈವರ್ ಬಸ್ಸು ಬಿಟ್ಟ.

ಆಮೇಲೆ ಸಿಕ್ಕ ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಂತಿತು, ಪ್ರತಿ ಸ್ಟಾಪಿನಲ್ಲೂ ಪ್ರಶ್ನೆ ಹಿಂದಕ್ಕೆ ಹೋಯಿತು, ಉತ್ತರ ಮುಂದಕ್ಕೆ ಬಂತು. ಯಾರೂ ಗೊಣಗಲಿಲ್ಲ. ಊರಾಚೆಯ ನಿಲ್ದಾಣ ಮುಟ್ಟುವ ಹೊತ್ತಿಗೆ ಸುದ್ದಿಯೂ ಸುಸ್ತಾಗಿತ್ತು. ಫ್ಯಾಕ್ಟರಿಯವರು ವಾಲ್ವ್ ಮುಚ್ಚಿ ಆಗಲೇ ಬಹಳ ಹೊತ್ತಾಗಿತ್ತಂತೆ, ಬಾಂಬೂ ಇಲ್ಲ, ನೀರಿಗೆ ವಿಷವೂ ಇಲ್ಲವಂತೆ. ಹೊಗೆ ಗಡಿಯಾರ ಕಂಬದವರೆಗೆ ಬಂದೇ ಇರಲಿಲ್ಲವಂತೆ. ಹೊಗೆ ಕುಡಿದು ಆಸ್ಪತ್ರೆ ಸೇರಿದವರು ಕೆಲವರು, ಓಡಿ ಬಿದ್ದು ಸೇರಿದವರು ಹಲವರು. ಜನ ನಾಚಿಕೊಂಡವರಂತೆ ಒಬ್ಬರ ಮುಖ ಒಬ್ಬರು ನೋಡದೆ ಇಳಿದು ಹೋದರು. ಟೈ ಕಟ್ಟಿದವನು ಇಳಿದವನೇ ಸ್ಕೂಲಿನ ದಾರಿ ಹಿಡಿದು ಓಡಿದ. ನೊರೆ ಒಣಗಿ ಮುಖ ಬಿಗಿದುಕೊಂಡಿದ್ದವನು ಮಾತ್ರ ಹತ್ತಿರ ಬಂದು, “ಕಾಲರ್ ಹಿಡಿದಿದ್ದು ತಪ್ಪಾಯ್ತು ಯಜಮಾನ್ರೇ” ಎಂದು ಹೋದ.

ಖಾಲಿ ಬಸ್ಸಿನಲ್ಲಿ ಮೂವರು ಉಳಿದರು. ನಿಲ್ದಾಣದ ಪ್ರಥಮ ಚಿಕಿತ್ಸೆಯವನು ಬಂದು ಅವಳ ಮಂಡಿ ತೊಳೆದು, ತೋಳಿಗೆ ಬಟ್ಟೆಯ ಜೋಳಿಗೆ ಕಟ್ಟಿ, ಭುಜದ ಕೀಲು ಸರಿದಿರಬಹುದು, ಆಸ್ಪತ್ರೆಗೆ ತೋರಿಸಿ ಎಂದು ಹೇಳಿ ಹೋಗಿದ್ದ. ಆಸ್ಪತ್ರೆ ಹಿಂದಕ್ಕೆ ಹೋಗುವ ದಾರಿಯಲ್ಲೇ ಇತ್ತು. ಗಾಲಿಯಡಿಯಿಂದ ಎಳೆದು ತಂದಿದ್ದ ಚೀಲದಲ್ಲಿ ಅನ್ನದ ಡಬ್ಬಿ ಜಜ್ಜಿಹೋಗಿದ್ದರೂ ಬಿರಿದಿರಲಿಲ್ಲ. ಮೈದುನ ಅದನ್ನು ಗುದ್ದಿ ತೆರೆದು ಬಾನೆಟ್ಟಿನ ಮೇಲಿಟ್ಟ. ಈ ಬಾರಿ ಮುಚ್ಚಳಕ್ಕೆ ಬಡಿಸಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಮೂವರೂ ಒಂದೇ ಡಬ್ಬಿಯಿಂದ ಸಪ್ಪೆ ಅನ್ನ ತಿಂದರು.

ತಿನ್ನುತ್ತಲೇ ಮೈದುನ ತಲೆಯೆತ್ತದೆ ಹೇಳಿದ, “ಅವತ್ತು ಆಸ್ಪತ್ರೆ ಸ್ಟಾಪಲ್ಲಿ... ನೀವು ಕೇಳಿದ್ದು ಎರಡೇ ಇರ್ಬೇಕು ಭಾವ.”

ಡ್ರೈವರ್ ತುತ್ತು ನುಂಗಿದ. “ನೀನು ಹೊಡೆದಿದ್ದು ಒಂದೇ.”

“ಒಂದೇ.”

“ಹೂಂ.”

ಅಷ್ಟೇ. ಯಾರಿಗೋ ಮನೆಗೆ ಹೋಗುವ ಅವಸರವಿತ್ತು, ಎರಡನೆಯದನ್ನು ಅವನು ಹೊಡೆದ, ಗದ್ದಲದಲ್ಲಿ ಅದು ಹಿಂದಿದ್ದ ಮೈದುನನ ಕಿವಿಗೆ ಬೀಳಲಿಲ್ಲ, ಹೊಡೆದವನು ಇಳಿದುಕೊಂಡು ಹೋದ. ಅದು ಅವನಿಗೆ ನೆನಪೂ ಇರಲಿಕ್ಕಿಲ್ಲ. ಅಧಿಕಾರಿ ಎರಡು ಬಾಯಿಗಳನ್ನು ಎದುರು ನಿಲ್ಲಿಸಿ ಯಾವುದು ಸುಳ್ಳು ಎಂದು ಕೇಳಿದ್ದ. ಮೂರನೆಯ ಬಾಯಿಯೊಂದು ಇರಬಹುದು ಎಂದು ಅವನಿಗೂ ಹೊಳೆಯಲಿಲ್ಲ, ಇವರಿಗೂ ಹೊಳೆಯಲಿಲ್ಲ. ಬಸ್ಸು ಇಳಿದು ಮನೆಗೆ ನಡೆಯುವಾಗ, ಎರಡೇ ಮಾತಿನಲ್ಲಿ, ನೀನೇನಾ ಎಂದು ಕೇಳಿದ್ದರೆ ಸಾಕಿತ್ತು.

ಅವಳು ಇಬ್ಬರನ್ನೂ ನೋಡುತ್ತ ಕೂತಿದ್ದಳು. ಖುಷಿಪಡುತ್ತಾಳೆ ಎಂದುಕೊಂಡಿದ್ದ ಡ್ರೈವರ್. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಅದು ಖುಷಿಯದ್ದಾಗಿರಲಿಲ್ಲ.

“ಯಾಕೆ ಈ ಕಡೆ ಬಂದೆ ಅಂತ ಬೈದ್ರಲ್ಲ” ಎಂದಳು. “ಎಲ್ಲರೂ ಓಡಿಬರ್ತಿದ್ರು. ವಾಪಸ್ ಹೋಗಮ್ಮ ಅಂದ್ರು. ನಾನು ಹೋಗ್ಬಿಟ್ರೆ ನೀವಿಬ್ರೂ ಒಂದು ಮಾತಾಡದೆ, ಒಂದು ತುತ್ತು ತಿನ್ನದೆ, ಹೀಗೇ ಸಾಯ್ತೀರಿ ಅನ್ನಿಸ್ತು. ಅದಕ್ಕೇ ಬಂದೆ.” ಸರಿಯಿದ್ದ ಕೈಯಿಂದ ಕಣ್ಣು ಒರೆಸಿಕೊಂಡಳು. “ನಾಳೆಯಿಂದ ನಾನು ಸ್ಟಾಪಿಗೆ ಬರೋದಿಲ್ಲ. ಕಾಲಿಲ್ಲ ನನಗೆ, ಈಗ ಕೈಯೂ ಇಲ್ಲ. ಹಸಿವಾದ್ರೆ ಇಬ್ಬರೂ ಮನೆಗೆ ಬಂದು ಬೇಯಿಸ್ಕೊಂಡು ತಿನ್ನಿ.”

ಇಬ್ಬರೂ ತಲೆ ತಗ್ಗಿಸಿದರು. ಡಬ್ಬಿಯ ತಳದಲ್ಲಿ ಒಂದು ತುತ್ತು ಉಳಿದಿತ್ತು. ಯಾರೂ ಮುಟ್ಟಲಿಲ್ಲ.

ಹಿಂದಿರುಗುವ ಟ್ರಿಪ್ಪಿಗೆ ಒಬ್ಬ ಪ್ರಯಾಣಿಕನೂ ಇರಲಿಲ್ಲ. ಪೇಟೆಯ ಕಡೆ ಹೋಗಲು ಆ ದಿನ ಯಾರಿಗೂ ಧೈರ್ಯವಿರಲಿಲ್ಲ. ಡ್ರೈವರ್ ಸೀಟಿಗೆ ಕೂತು, ಎಂಜಿನ್ ಚಾಲೂ ಮಾಡಿ, ರೂಢಿಯಂತೆ ಸಿಳ್ಳೆಗಾಗಿ ಕಾದ. ಬರಲಿಲ್ಲ. ತಿರುಗಿ ನೋಡಿದರೆ ಮೈದುನ ಹಿಂದೆ ಇರಲೇ ಇಲ್ಲ. ಅಕ್ಕನ ಪಕ್ಕದ ಮೊದಲ ಸೀಟಿನಲ್ಲಿ, ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ. ಮದುವೆಯ ದಿನ ಡಿಪೋದಲ್ಲೂ ಹೀಗೆಯೇ ಬಸ್ಸಿನಲ್ಲಿ ಮಲಗಿಬಿಟ್ಟಿದ್ದ ಎಂದು ಇವನಿಗೆ ನೆನಪಾಯಿತು. ಎಬ್ಬಿಸಲು ಮನಸ್ಸಾಗಲಿಲ್ಲ, ಹೊರಡಲು ಕಾಲು ಬರಲಿಲ್ಲ. ಕ್ಲಚ್ ಒತ್ತಿಕೊಂಡು ಸುಮ್ಮನೆ ಕೂತ.

ಅವಳು ಬೆರಳು ಮಡಚಿ ಬಾನೆಟ್ಟಿನ ಮೇಲೆ ಎರಡು ಸಲ ಬಡಿದಳು.

ಡ್ರೈವರ್ ಅವಳ ಕಡೆ ತಿರುಗಿದ. “ನೀನೇನಾ?”

“ನಾನೇ” ಎಂದಳು ಅವಳು. “ನಡೀರಿ, ಭುಜ ನೋಯ್ತಿದೆ.”